ಉಡಚಪ್ಪನ ಬೋರ್ಡು, ಮಾಸ್ತರರ ಹಲ್ಲು

ಡ್ರಾಯಿಂಗ್ ಮಾಸ್ತರ ಜಯತೀರ್ಥರು ದಾಡಿ ಮಾಡಿಸಿಕೊಳ್ಳಲು ಹೋಗುವುದಕ್ಕೂ ಒಂದು ಶಾಸ್ತ್ರವಿತ್ತು. ಮುರ್ತುಜಾನ ಕಟಿಂಗ್ ಅಂಗಡಿಯ ಮೆಟ್ಟಿಲಿಗೆ ಕಾಲಿಡುತ್ತಲೇ ಚಷ್ಮಾ ತೆಗೆದು ಅಂಗಿಯ ಕಿಸೆಗೆ ಇಳಿಬಿಡಬೇಕು. ಖಾಲಿಯಿದ್ದ ಕುರ್ಚಿಯಲ್ಲಿ ಕುಳಿತು ಕತ್ತು ಹಿಂದಕ್ಕೆ ಚೆಲ್ಲಬೇಕು. ಕಣ್ಣು ಮುಚ್ಚಬೇಕು. ಅಲ್ಲಿಂದ ಮುಂದೆ ಮುಖ ಮುರ್ತುಜಾನದು.

೧೯೮೧ರ ಮೇ ತಿಂಗಳ ಒಂದು ಬುಧವಾರ, ಗದಗಿನ ಬಿಸಿಲು ನೆತ್ತಿಯ ಮೇಲೆ ರೊಟ್ಟಿ ಬೇಯಿಸುವಂತಿದ್ದ ಹೊತ್ತಿನಲ್ಲಿ, ಅವರು ಈ ಶಾಸ್ತ್ರವನ್ನು ಚಾಚೂ ತಪ್ಪದೆ ನೆರವೇರಿಸಿದರು. ಕುರ್ಚಿ ಎಂದಿಗಿಂತ ಮೆತ್ತಗಿತ್ತು. ಮುರ್ತುಜಾ ಸುಧಾರಿಸಿದ ಎಂದುಕೊಂಡರು. ಸಾಬೂನಿನ ಬದಲು ಲವಂಗದೆಣ್ಣೆಯ ವಾಸನೆ ಬಂತು. ಹೊಸ ಸಾಬೂನು ತಂದಾನ ಎಂದುಕೊಂಡರು.

"ಬಾಯಿ ತಗೀರಿ," ಎಂದಿತು ಒಂದು ದನಿ.

ದಾಡಿಗೂ ಬಾಯಿಗೂ ಏನು ಸಂಬಂಧ ಎಂದು ಕೇಳುವಷ್ಟು ಎಚ್ಚರ ಆ ತಂಪಿನಲ್ಲಿ ಅವರಿಗೆ ಉಳಿದಿರಲಿಲ್ಲ. ತೆಗೆದರು. ತಣ್ಣಗಿನ ಕಬ್ಬಿಣವೊಂದು ದವಡೆಗೆ ಟಣ್ಣೆಂದು ತಾಗಿದಾಗ ಕಣ್ಣೂ ತೆರೆದವು. ಎದುರಿಗೆ ಬಗ್ಗಿದ್ದವರು ಮುರ್ತುಜಾನ ಮಗ್ಗಲು ಅಂಗಡಿಯ ಹಲ್ಲಿನ ಡಾಕ್ಟರು.

"ಯಾವ ಹಲ್ಲು ನೋಯ್ತದ್ರಿ, ಮಾಸ್ತರ?"

ನಾನು ದಾಡಿಗೆ ಬಂದವ, ಬಾಗಿಲು ತಪ್ಪಿತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವುದು ಹೇಗೆ? ಬೇವಿನ ಗಿಡದ ಓಣಿಯ ನಲವತ್ತೆರಡೂ ಅಂಗಡಿಗಳ ಬೋರ್ಡು ಹದಿನೈದು ದಿನದ ಹಿಂದೆ ಬಿಳಿಯ ಮೇಲೆ ನೀಲಿ ಅಕ್ಷರವಾಗಿ, ಒಂದೇ ಅಳತೆ ಒಂದೇ ಅಚ್ಚಿನಲ್ಲಿ ನಿಂತದ್ದು ಯಾರ ಬುದ್ಧಿಯಿಂದ? "ಓದಾಕ ಬರೋ ಮನುಷ್ಯಾಗ ಅಂಗಡಿ ತಪ್ಪೂದು ಸಾಧ್ಯನ ಇಲ್ಲ" ಎಂದು ಅಂಗಡಿಕಾರರ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದ್ದು ಯಾರು? ಆ ಸಭೆಯ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ಇದೇ ಡಾಕ್ಟರು.

ಮಾಸ್ತರರು ಬೆರಳೆತ್ತಿ ಎಡ ದವಡೆಯ ಒಂದು ಹಲ್ಲನ್ನು ತೋರಿಸಿದರು.

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಮಾಸ್ತರರ ದವಡೆಗೆ ಸಿಟ್ಟೂ ಬೇಕಾಗಲಿಲ್ಲ, ಮರ್ಯಾದೆಯೇ ಸಾಕಾಯಿತು. ಡಾಕ್ಟರು ಬಗ್ಗಿ ನೋಡಿ, "ಛಲೋ ಮಾಡಿದ್ರಿ, ಒಳಗ ಹುಳುಕ ಐತಿ" ಎಂದು ಸಮಾಧಾನ ಹೇಳಿ ಕಿತ್ತು ಕೈಗೇ ಕೊಟ್ಟರು.

ಗಲ್ಲದ ಮೇಲೆ ನಾಲ್ಕು ದಿನದ ದಾಡಿ, ಬಾಯಲ್ಲಿ ಅರಳೆ, ಕಿಸೆಯಲ್ಲಿ ಹಲ್ಲು. ಈ ಅವತಾರದಲ್ಲಿ ಮನೆಗೆ ಬಂದ ಗಂಡನನ್ನು ತಾರಾಬಾಯಿ ಬಾಗಿಲಲ್ಲೇ ನಿಲ್ಲಿಸಿ ನೋಡಿದರು.

"ದಾಡಿ ಮಾಡಿಸ್ಕೊಂಡು ಬರ್ತೀನಿ ಅಂದಿದ್ರಿ."

ಮಾಸ್ತರರು ಕೈಯಿಂದ ಬಲಕ್ಕೆ ಒಂದು ಬಾಗಿಲು, ಎಡಕ್ಕೆ ಒಂದು ಬಾಗಿಲು ಬರೆದು ತೋರಿಸಿದರು. ಇಪ್ಪತ್ತೈದು ವರ್ಷ ಡ್ರಾಯಿಂಗ್ ಕಲಿಸಿದ್ದು ಅಂದು ಉಪಯೋಗಕ್ಕೆ ಬಂತು. ತಾರಾಬಾಯಿಗೆ ಕೂಡಲೇ ತಿಳಿಯಿತು.

"ಜಯಪುರಕ್ಕ ಹೋಗಿ ಬಂದ್ರಿ, ಹಲ್ಲು ಹೋತು. ಬರೋ ವರ್ಷ ಕಲಕತ್ತಾಕ್ಕ ಬ್ಯಾರೆ ಹೆಸರು ಕೊಟ್ಟೀರಿ. ಅಲ್ಲಿಂದ ಬಂದ ಮ್ಯಾಲೆ ಏನೇನು ಹೋಗ್ತದೋ," ಎಂದು ಒಳಗೆ ಹೋದರು.

ಜಯಪುರದ ಮಾತು ಹೀಗೆ. ಎರಡು ವರ್ಷದ ಹಿಂದೆ ಶಿಕ್ಷಕರ ಪ್ರವಾಸದಲ್ಲಿ ಮಾಸ್ತರರು ಉತ್ತರದೇಶ ನೋಡಿ ಬಂದಿದ್ದರು. ಕೂಡ ಹೋದವರು ಕೋಟೆ ನೋಡಿದರು, ಒಂಟೆ ನೋಡಿದರು. ಮಾಸ್ತರರು ಅಲ್ಲಿಯ ಪೇಟೆಯ ಗೋಡೆ ನೋಡಿದರು. ಸಾಲು ಸಾಲು ಅಂಗಡಿ, ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ನಮೂನೆಯ ಬೋರ್ಡು. ರೈಲಿನಲ್ಲಿ ಮೂರು ದಿನ ಅದೇ ಧ್ಯಾನ. ನಮ್ಮ ಬೇವಿನ ಗಿಡದ ಓಣಿ ನೆನಪಾಗಿ ನಾಚಿಕೆಯಾಯಿತು. ಒಂದು ಕೆಂಪು, ಒಂದು ಹಸಿರು, ಒಂದು ಅರಿಷಿಣ. ಒಂದರ ಅಕ್ಷರ ದಪ್ಪ, ಒಂದರದು ಬಳಕುವುದು. ಮದುವೆ ಮನೆಯಲ್ಲಿ ಬೀಗಿತ್ತಿಯರು ಜಗಳಕ್ಕೆ ನಿಂತ ಹಾಗೆ. ಆ ಬೀಗಿತ್ತಿಯರನ್ನೆಲ್ಲ ಸಿಂಗರಿಸಿ ನಿಲ್ಲಿಸಿದವನು ಒಬ್ಬನೇ, ಪೇಂಟರ್ ಉಡಚಪ್ಪ.

ಉಡಚಪ್ಪ ಡಂಬಳದವನು. ಹನ್ನೆರಡರ ವಯಸ್ಸಿನಲ್ಲಿ ಬೆಟಗೇರಿಗೆ ಬಂದು ನೇಕಾರರ ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಕೆಲಸಕ್ಕೆ ನಿಂತ. ಒಂದು ಕೈ ಕೆಂಪು ಕಡಾಯಿಯಲ್ಲಿ, ಒಂದು ಕೈ ನೀಲಿ ಕಡಾಯಿಯಲ್ಲಿ. "ಲಗ್ನದಾಗ ಅರಿಷಿಣ ಹಚ್ಚಿದ್ವಿ, ಎಲ್ಲಿ ಹಚ್ಚೀವಿ ಅಂತ ಹುಡುಕಬೇಕಾತು" ಎಂದು ಅವನ ಹೆಂಡತಿ ಮಂಜವ್ವ ಇಂದಿಗೂ ಹೇಳುತ್ತಾಳೆ. ಯಾವ ಬಣ್ಣ ಬಿಸಿಲಿಗೆ ಎಷ್ಟು ದಿನ ತಾಳುತ್ತದೆ ಎಂಬ ವಿದ್ಯೆ ಅಲ್ಲಿ ಬಂತು. ಮುಂದೆ ಎತ್ತಿನ ಕೋಡಿಗೆ ಬಣ್ಣ ಬಳಿದ, ಲಾರಿಯ ಬೆನ್ನಿಗೆ ನವಿಲು ಬರೆದ, ಕಡೆಗೆ ಬೋರ್ಡಿಗೆ ಬಂದ. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪೇಟೆಗಳಲ್ಲೂ ಅವನ ಕೈ ಕಾಣಿಸುತ್ತಿತ್ತು. ಬಸ್ಸಿನಲ್ಲಿ ನಿದ್ದೆ ಹೋದವನು ಎಚ್ಚರಾಗಿ ಕಿಟಕಿಯಲ್ಲಿ ಅರಿಷಿಣದ ಮೇಲೆ ಕೆಂಪು ಅಕ್ಷರ, ಅದಕ್ಕೊಂದು ಕರಿ ನೆರಳು ಕಂಡರೆ, ಇನ್ನೂ ನಮ್ಮ ಸೀಮೆ ದಾಟಿಲ್ಲ ಎಂದು ಮತ್ತೆ ಕಣ್ಣು ಮುಚ್ಚಬಹುದಾಗಿತ್ತು.

ಅವನ ಕೆಲಸದ ರೀತಿ ಮಾತ್ರ ಮಾಸ್ತರರಿಗೆ ಸೋಮಾರಿತನವಾಗಿ ಕಾಣುತ್ತಿತ್ತು. ಬೋರ್ಡು ಬರೆಯಲು ಹೇಳಿದ ದಿನ ಬ್ರಷ್ ಮುಟ್ಟುತ್ತಿರಲಿಲ್ಲ. ಅಂಗಡಿಯ ಎದುರು ಕಟ್ಟೆಯ ಮೇಲೆ ಬೀಡಿ ಸೇದುತ್ತ ಇಡೀ ದಿನ ಕೂಡುವನು. ಗಿರಾಕಿ ಯಾವ ಕಡೆಯಿಂದ ಬರುತ್ತಾರೆ, ಚಕ್ಕಡಿಯಲ್ಲೋ ನಡೆದೋ, ಬೇವಿನ ಗಿಡದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಇಷ್ಟು ನೋಡಿ ಎದ್ದು ಹೋಗುವನು. ಅಕ್ಷರದ ನೆತ್ತಿಯ ಮೇಲಿನ ತಲೆಕಟ್ಟನ್ನು ಒಂದೊಂದು ಕಸುಬಿಗೆ ಒಂದೊಂದು ಥರ ಎಳೆಯುವನು. ಬಟ್ಟೆಯಂಗಡಿಯದು ರುಮಾಲಿನ ತುದಿಯಂತೆ ಹಾರಬೇಕು, ಕಬ್ಬಿಣದಂಗಡಿಯದು ಹಾರೆಯಂತೆ ನೆಟ್ಟಗಿರಬೇಕು, ಮಿಠಾಯಿ ಅಂಗಡಿಯದು ಜಿಲೇಬಿಯಂತೆ ಸುತ್ತಬೇಕು. ಬೋರ್ಡು ಮುಗಿದ ಮೇಲೆ ಪರೀಕ್ಷೆ. ಓಣಿಯ ಮೂಲೆಯಲ್ಲಿ ಮಲ್ಲಸಮುದ್ರದಿಂದ ಕಾಯಿಪಲ್ಲೆ ಹೊತ್ತು ತಂದು ಮಾರುವ ಹನಮವ್ವನೇ ಪರೀಕ್ಷಕಿ. ಅವಳಿಗೆ ಒಂದಕ್ಷರ ಬಾರದು.

"ಯವ್ವಾ, ಅರಿವಿ ಅಂಗಡಿ ಯಾವುದು ತೋರಸು."

ಅವಳು ಬೆರಳು ಮಾಡಿದರೆ ಪಾಸು. ತಡವರಿಸಿದರೆ ಸೀಮೆಎಣ್ಣೆ ಅರಿವೆಯಿಂದ ಒರೆಸಿ ಮತ್ತೆ ಬರೆಯುವನು. "ಅಕ್ಷರ ಬಾರದಾಕಿ ಕಡಿಂದ ಅಕ್ಷರ ಪರೀಕ್ಷಾ ಮಾಡಸ್ತಾನ" ಎಂದು ಮಾಸ್ತರರು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದರು. ಆಗ ಅವರಿಗೆ ಮೂವತ್ತೆರಡು ಹಲ್ಲಿದ್ದವು.

ಜಯಪುರದಿಂದ ಬಂದ ಮಾಸ್ತರರು ಓಣಿಯ ಅಂಗಡಿಕಾರರ ಮಂಡಳಿಯ ಅಧ್ಯಕ್ಷ, ಬಟ್ಟೆ ವ್ಯಾಪಾರಿ ಯಂಕಪ್ಪನನ್ನು ಹಿಡಿದರು. ಯಂಕಪ್ಪ ಹೊಸದನ್ನು ಬೇಡ ಎನ್ನಲು ಸಂಕೋಚಪಡುವ ಮನುಷ್ಯ. ಎರಡು ವರ್ಷ ಬೆನ್ನು ಬಿದ್ದ ಮೇಲೆ ಸಭೆ ಸೇರಿತು, ಮೇಜು ಕುಟ್ಟಿದ್ದಾಯಿತು, ಚಪ್ಪಾಳೆಯಾಯಿತು. ಮಾಸ್ತರರು ಸ್ವಂತ ಕೈಯಿಂದ ರಟ್ಟಿನಲ್ಲಿ ಅಕ್ಷರ ಕೊರೆದು ಅಚ್ಚು ತಯಾರಿಸಿದರು. ಉಡಚಪ್ಪನನ್ನು ಕರೆಸಿದರು.

"ಉಡಚಪ್ಪ, ಇನ್ನ ಮ್ಯಾಲೆ ಕಟ್ಟಿ ಮ್ಯಾಲೆ ಕುಂಡ್ರೂದು ಇಲ್ಲ, ಹನಮವ್ವನ್ನ ಕೇಳೂದು ಇಲ್ಲ. ರಟ್ಟು ಇಡು, ನೀಲಿ ಬಡಿ, ರಟ್ಟು ತಗಿ. ಒಂದು ಬೋರ್ಡಿಗೆ ಹತ್ತು ಮಿನಿಟು."

ಉಡಚಪ್ಪ ರಟ್ಟನ್ನು ಬೆಳಕಿಗೆ ಹಿಡಿದು ಅಕ್ಷರದ ಕಿಂಡಿಯಲ್ಲಿ ಮಾಸ್ತರರ ಮುಖ ನೋಡಿದ.

"ಆತ್ರಿ ಮಾಸ್ತರ. ಬೋರ್ಡ ಬಿಚ್ಚಿ ಮನಿಗೆ ಒಯ್ದು ಮಾಡಿ ತರ್ತೀನಿ."

"ಏನರ ತೊಂದರಿ ಅದ ಏನು?"

"ನನಗೇನ ತೊಂದ್ರಿ? ಬಿಳೇ ಬಣ್ಣ ಅಗ್ಗ ಐತಿ."

ಮಾಸ್ತರರು ಇದನ್ನು ಒಪ್ಪಿಗೆ ಎಂದು ತಿಳಿದು ಸಂತೋಷಪಟ್ಟರು. ಅವರು ಆಮೇಲೆ ಒಂದು ತಾಸು ಜಯಪುರದ ಬಗ್ಗೆ, ಬರುವ ವರ್ಷದ ಕಲಕತ್ತಾ ಪ್ರವಾಸದ ಬಗ್ಗೆ ಮಾತಾಡಿದ್ದನ್ನು ಉಡಚಪ್ಪ ನಿಂತೇ ಕೇಳಿಸಿಕೊಂಡ. ಹತ್ತು ದಿನದಲ್ಲಿ ಓಣಿ ಬೆಳ್ಳಗಾಯಿತು. ಕೆಲಸ ಮುಗಿದ ದಿನ ಉಡಚಪ್ಪ ರೂಢಿಯಂತೆ ಹನಮವ್ವನ ಹತ್ತಿರ ನಿಂತು, ಹೆಂಗ ಕಾಣ್ತೈತಿ ಯವ್ವಾ ಎಂದು ಕೇಳಿದ. ಅವಳು ಬುಟ್ಟಿಯ ಮೇಲಿನ ನೊಣ ಓಡಿಸುತ್ತ ಓಣಿಯುದ್ದಕ್ಕೂ ಕಣ್ಣಾಡಿಸಿ, "ಅಷ್ಟೂ ಮನ್ಯಾಗ ಒಮ್ಮೆಗೇ ಯಾರೋ ಸತ್ತಾರೇನೋ?" ಎಂದಳು. ಮಾಸ್ತರರು ಅಲ್ಲೇ ಇದ್ದರು. ಹಳ್ಳಿ ಜನಕ್ಕೆ ರೂಢಿಯಾಗಬೇಕು ಎಂದು ಡೈರಿಯಲ್ಲಿ ಬರೆದುಕೊಂಡರು.

ಹಳ್ಳಿ ಜನಕ್ಕೆ ರೂಢಿಯಾಗಲಿಲ್ಲ. ಮುಂದಿನ ಸಂತೆಗೆ ಡಂಬಳದ ಕಡೆಯಿಂದ ಚಕ್ಕಡಿಯಲ್ಲಿ ಬಂದ ನಾಲ್ಕು ಮಂದಿ ಹೆಣ್ಣುಮಕ್ಕಳು ನೇರವಾಗಿ ದಸ್ತಗೀರಸಾಬರ ಕಬ್ಬಿಣದ ಅಂಗಡಿಗೆ ಹೋಗಿ ಗೋಣಿಯ ಮೇಲೆ ಸಾಲಾಗಿ ಕೂತು, ಕುಬಸದ ಖಣ ತೋರಿಸು ಎಂದರು. ದಸ್ತಗೀರಸಾಬರು ನಿಧಾನಸ್ಥರು.

"ಯವ್ವಾ, ನನ್ನ ಹಂತ್ಯಾಕ ಗುದ್ದಲಿ ಅದಾವು, ಸಲಿಕಿ ಅದಾವು. ಇದರಾಗ ಯಾವುದು ಹೊಲಿಸ್ತೀರಿ?"

ಯಂಕಪ್ಪನ ಬಟ್ಟೆಯಂಗಡಿಯಲ್ಲಿ ಶಿಗ್ಲಿಯ ರೈತನೊಬ್ಬ ಗಾದಿಯ ಮೇಲೆ ಕೂತು ಚಹಾ ಕುಡಿದು, ಆರು ಸೀರೆ ಬಿಚ್ಚಿಸಿ, ಕಡೆಗೆ ಮೂರಿಂಚಿನ ಮೊಳೆ ಕೇಳಿದ. ಯಂಕಪ್ಪ ಆ ಸಂಜೆ ಮಾಸ್ತರರನ್ನು ಕಂಡು ಬಹಳ ಹೊತ್ತು ಹವೆಯ ಮಾತಾಡಿ, "ಬೋರ್ಡ ಭಾಳ ಸ್ವಚ್ಛ ಕಾಣ್ತಾವ್ರಿ. ಅಂಗಡೀನೂ ಸ್ವಚ್ಛ ಆಗೇತಿ, ಗಿರಾಕಿ ಇಲ್ಲ" ಎಂದ. ಅಕ್ಷರಸ್ಥರಿಗೆ ತಪ್ಪುವುದಿಲ್ಲವಲ್ಲ ಎಂದು ಮಾಸ್ತರರು ಪಟ್ಟು ಹಿಡಿದರು. ಆ ಪಟ್ಟು ಸಡಿಲಾದದ್ದು ಬುಧವಾರ, ಹಲ್ಲಿನ ಕೂಡ.

ಬುಧವಾರ ರಾತ್ರಿ ದವಡೆ ಹಿಡಿದು ಮಲಗಿದ ಮಾಸ್ತರರಿಗೆ ಹಲ್ಲಿಗಿಂತ ಜೋರಾಗಿ ಒಂದು ವಿಚಾರ ಕಡಿಯತೊಡಗಿತು. ಶುಕ್ರವಾರ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ವ್ಯಾಪಾರಿಗಳು ಬೇವಿನ ಗಿಡದ ಓಣಿ ನೋಡಲು ಬರುವವರಿದ್ದರು. ಕರೆದವರು ಸ್ವತಃ ಮಾಸ್ತರರೇ. ಓಣಿ ಮನಸ್ಸಿಗೆ ಬಂದರೆ ರಟ್ಟಿನ ಅಚ್ಚನ್ನು ಅಲ್ಲೇ ಶಾಲು ಹೊದಿಸಿ ಕೊಡುವುದೆಂದು ಪತ್ರದಲ್ಲಿ ಬರೆದಿದ್ದರು. ಕೊಟ್ಟರೆ ಮೂರೂ ಊರಿನ ಪೇಟೆ ಬೆಳ್ಳಗಾಗುತ್ತದೆ. ರಟ್ಟು ಇಟ್ಟು ಬಣ್ಣ ಬಡಿಯಲು ಯಾರಾದರೂ ಆದೀತು. ಅಲ್ಲಿಗೆ ನಾಲ್ಕೂ ಊರಲ್ಲಿ ಉಡಚಪ್ಪನ ಬ್ರಷ್ಷಿಗೆ ಕೆಲಸವಿಲ್ಲ. ಮೂವತ್ತು ವರ್ಷ ಬಣ್ಣದಲ್ಲಿ ನೆನೆದ ಮನುಷ್ಯನನ್ನು ಒಂದು ರಟ್ಟಿನಿಂದ ಒರೆಸಿ ಹಾಕುವ ಈ ಏರ್ಪಾಡಿನಲ್ಲಿ ಅವನ ಬಾಯಿಂದ ಬೇಡ ಎಂಬ ಒಂದು ಮಾತೂ ಬಂದಿರಲಿಲ್ಲ. ಬರಲು ತಾವು ಎಡೆಗೊಟ್ಟಿದ್ದು ಯಾವಾಗ ಎಂದು ಮಾಸ್ತರರು ಯೋಚಿಸಿದರು. ನೆನಪಾಗಲಿಲ್ಲ.

ಗುರುವಾರ ಮುಂಜಾನೆ ಬೆಟಗೇರಿಗೆ ನಡೆದರು. ಉಡಚಪ್ಪ ಅಂಗಳದಲ್ಲಿ ಕೂತು ಬ್ರಷ್ಷಿನ ಕೂದಲು ಬಿಡಿಸುತ್ತಿದ್ದ. ಮಂಜವ್ವ ಮಾಸ್ತರರ ಊದಿದ ಗಲ್ಲ ನೋಡಿ ಮಜ್ಜಿಗೆ ತಂದಿಟ್ಟಳು.

"ನಿನ್ನೆ ಹಲ್ಲು ತಗಿಸಿದೆ, ಉಡಚಪ್ಪ," ಎಂದರು ಮಾಸ್ತರರು. ಅರಳೆಯ ಸಂದಿಯಿಂದ ಅಷ್ಟೇ ಹೊರಟಿತು.

"ನೋವಿತ್ತೇನ್ರಿ?"

"ಇಲ್ಲ."

ಉಡಚಪ್ಪ ಬ್ರಷ್ಷನ್ನು ಡಬ್ಬಿಗೆ ಅದ್ದಿ ತೆಗೆದ. "ಹಂಗಾರ ಕಟಿಂಗ ಅಂಗಡಿ ಅಂತ ಹೋದ್ರಿ."

ತಾರಾಬಾಯಿಗೆ ಎರಡು ಬಾಗಿಲು ಬರೆದು ತೋರಿಸಬೇಕಾಗಿತ್ತು. ಇವನಿಗೆ ಅದೂ ಬೇಕಾಗಲಿಲ್ಲ. ಮಾಸ್ತರರು ತಲೆ ತಗ್ಗಿಸಿದರು. ಉಡಚಪ್ಪ ಮೊದಲ ಸಲ ನಾಲ್ಕು ಮಾತು ಒಟ್ಟಿಗೇ ಆಡಿದ.

"ಬೋರ್ಡ ಯಾರೂ ಓದಂಗಿಲ್ರಿ. ನೀವೂ ಓದಂಗಿಲ್ಲ. ಕಟಿಂಗ ಅಂಗಡಿಗೆ ನಾ ಕೆಂಪಗ ಮಾಡಿದ್ದೆ, ಬಾಜೂಕ ಹಲ್ಲಿನ ಡಾಕ್ಟರು ಬಂದ್ರು, ಅವರಿಗೆ ಹಸರು ಹಾಕಿದೆ. ಎರಡೂ ಕಡೆ ಕುರ್ಚಿ, ಎರಡೂ ಕಡೆ ಕತ್ತಿ. ಬಣ್ಣ ಒಂದ ಮಾಡಿದ್ರ ಯಾವನರ ಒಬ್ಬಾಂವ ಹಲ್ಲು ಕೊಟ್ಟ ಬರ್ತಾನ ಅಂತ ಅನಿಸಿತ್ತು. ನೀವ ಅಂತ ಅನಿಸಿರಲಿಲ್ಲ."

"ನಾಳೆ ಮೂರೂ ಊರಿನ ಮಂದಿ ಬರ್ತಾರ. ಅಚ್ಚು ಒಯ್ತಾರ. ನಿನ್ನ ಗತಿ?"

"ಮತ್ತ ನೂಲಿಗೆ ಬಣ್ಣ ಹಾಕೂದು. ಕೈಗೆ ರೂಢಿ ಐತಿ."

ಮಂಜವ್ವ ಒಳಗಿನಿಂದ ಹೇಳಿದಳು. "ಆ ಕೈ ತೊಳಿಯಾಕ ನನಗ ಹತ್ತು ವರ್ಷ ಹಿಡೀತ್ರಿ, ಮಾಸ್ತರ. ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ."

ಮಾಸ್ತರರು ಮಜ್ಜಿಗೆಯ ತಂಬಿಗೆ ಕೆಳಗಿಟ್ಟರು. "ನಲವತ್ತೆರಡು ಬೋರ್ಡು ಮೊದಲಿನ ಹಂಗ ಬರಿಯಾಕ ಎಷ್ಟು ದಿನ ಬೇಕು?"

"ಬರಿಯಾಕ ಆರು ತಿಂಗಳು."

ಮಾಸ್ತರರ ಮುಖ ಬಿಳಿಯಾಯಿತು. ಓಣಿಗೆ ಹೊಂದುವ ಬಿಳಿ.

"ತಿರುವಾಕ ನಾಕು ತಾಸು," ಎಂದ ಉಡಚಪ್ಪ.

ತಗಡು ತುಕ್ಕು ಹಿಡಿಯಬಾರದೆಂದು ಅವನು ಪ್ರತಿ ಬೋರ್ಡಿಗೂ ಮೊದಲೇ ಎರಡೂ ಮಗ್ಗಲು ಕೆಂಪು ಪ್ರೈಮರ್ ಬಳಿಯುತ್ತಿದ್ದ. ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಕಲಿತ ಪಾಠ ಅದು, ಒಳಗೂ ಹೊರಗೂ ಬಣ್ಣ ಹಿಡಿಯಬೇಕು. ಹೀಗಾಗಿ ಹಿಂಬದಿ ತಯಾರೇ ಇತ್ತು. ಮಾಸ್ತರರ ಬಿಳಿ ನೀಲಿಯನ್ನು ಅವನು ಆ ಹಿಂಬದಿಗೆ ಬಡಿದು, ಹಳೆಯ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಅದೇ ನಾಲ್ಕು ತೂತಿಗೆ ಅದೇ ನಾಲ್ಕು ಮೊಳೆ ಬಡಿದಿದ್ದ. ಹಳೆಯ ಅಕ್ಷರಗಳು ಅಷ್ಟು ದಿನ ಗೋಡೆಗೆ ಮುಖ ಮಾಡಿ, ಕ್ಲಾಸಿನಲ್ಲಿ ಶಿಕ್ಷೆಗೆ ನಿಂತ ಹುಡುಗರ ಹಾಗೆ, ಸುಮ್ಮನೆ ನಿಂತಿದ್ದವು.

ಯಂಕಪ್ಪನ ಒಪ್ಪಿಗೆ ಕೇಳಲು ಹೋದಾಗ ಅವನು ಪೂರ್ತಿ ಕೇಳುವ ಮೊದಲೇ ನಿಚ್ಚಣಿಕೆ ತೆಗೆದುಕೊಟ್ಟ. "ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ. ಸಭಾದಾಗ ಸಹಿ ಮಾಡೀನಿ," ಎಂದಷ್ಟೇ ಬೇಡಿಕೊಂಡ.

ಶುಕ್ರವಾರ ಸೂರ್ಯ ಹುಟ್ಟುವ ಹೊತ್ತಿಗೆ ಉಡಚಪ್ಪ ಮೇಲೆ, ಮಾಸ್ತರರು ಕೆಳಗೆ ನಿಚ್ಚಣಿಕೆ ಹಿಡಿದು. ಮಾಸ್ತರರ ಜೀವನದಲ್ಲಿ ಇಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದು ಅದೇ ಮೊದಲು. ಒಂದೊಂದು ಬೋರ್ಡು ತಿರುಗಿದಂತೆ ಓಣಿಗೆ ಒಂದೊಂದು ಬಣ್ಣ ವಾಪಸು ಬರತೊಡಗಿತು. ಕೆಂಪು ಬಂತು, ಹಸಿರು ಬಂತು, ರುಮಾಲು ಹಾರಿತು, ಜಿಲೇಬಿ ಸುತ್ತಿತು. ಹತ್ತಿರದಿಂದ ಮೊದಲ ಸಲ ಚಷ್ಮಾ ಹಾಕಿ ನೋಡಿದಾಗ ಮಾಸ್ತರರಿಗೆ ಒಂದು ಸಂಗತಿ ಕಂಡಿತು. ಓಣಿಯ ಯಾವ ಎರಡು ನೆರೆಹೊರೆಯ ಅಂಗಡಿಗೂ ಬಣ್ಣ ಒಂದಾಗಿರಲಿಲ್ಲ, ಆದರೂ ಎಲ್ಲ ಅಕ್ಷರದ ಹೊಟ್ಟೆಯೂ ಒಂದೇ ಗುಂಡು, ಎಲ್ಲ ನೆರಳೂ ಬಲಕ್ಕೇ ಬಿದ್ದಿತ್ತು. ಜಯಪುರದವರೆಗೆ ಹೋಗಿ ಹುಡುಕಿ ತಂದ ಏಕರೂಪ ಇಪ್ಪತ್ತು ವರ್ಷದಿಂದ ತಲೆಯ ಮೇಲೇ ತೂಗಾಡುತ್ತಿತ್ತು. ಅದರ ಕೆಳಗೇ ದಿನಾ ನಡೆದು ಅವರು ಶಾಲೆಗೆ ಹೋಗಿ ಮಕ್ಕಳಿಗೆ ಕಣ್ಣು ತೆರೆದು ನೋಡಲು ಕಲಿಸುತ್ತಿದ್ದರು.

ಕಡೆಯ ಮೊಳೆ ಬಿದ್ದ ಮೇಲೆ ಈ ಸಲ ಮಾಸ್ತರರೇ ಹನಮವ್ವನ ಬುಟ್ಟಿಯ ಹತ್ತಿರ ಹೋದರು.

"ಹನಮವ್ವ, ಅರಿವಿ ಅಂಗಡಿ ಯಾವುದು?"

ಅವಳು ಬೆರಳು ಮಾಡಿದಳು. "ರುಮಾಲ ಸುತ್ತಿದ್ದು ಕಾಣಂಗಿಲ್ಲೇನ್ರಿ? ಚಷ್ಮಾ ಹಾಕ್ಕೊಂಡೀರಿ." ಆಮೇಲೆ ಓಣಿಯನ್ನು ಒಮ್ಮೆ ನೋಡಿ, "ಸೂತಕ ಕಳೀತು," ಎಂದು ಮೆಂತೆಪಲ್ಲೆಗೆ ನೀರು ಚಿಮುಕಿಸಿದಳು.

ಹತ್ತಕ್ಕೆ ಅತಿಥಿಗಳು ಬಂದರು, ಹನ್ನೆರಡು ಜನ. ಮಾಸ್ತರರು ಒಂದು ತಾಸಿನ ಭಾಷಣ ಬಾಯಿಪಾಠ ಮಾಡಿದ್ದರು. ಬಿಳುಪಿನ ಮಹಿಮೆ, ರಟ್ಟಿನ ಮಹಿಮೆ. ಎದುರಿಗೆ ನೋಡಿದರೆ ಓಣಿ ಕಾಮನಬಿಲ್ಲಿನಂತೆ ನಿಂತಿದೆ. ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಸೀಟಿ ಹೊಡೆಯುತ್ತಿತ್ತು. ಎದ್ದು ನಿಂತು, ಉಡಚಪ್ಪನತ್ತ ಕೈ ಮಾಡಿ, "ಇಡೀ ಓಣಿ ಒಂದ ಕೈಯಿಂದ ಬಂದದ್ದು. ಆ ಕೈ ಇಂವಂದು. ನನ್ನ ಅಚ್ಚು ಕಳದದ" ಎಂದು ಕೂತರು. ಅಚ್ಚು ಕಳೆದಿರಲಿಲ್ಲ. ಆ ಮುಂಜಾನೆ ತಾರಾಬಾಯಿ ಅದನ್ನು ನೀರೊಲೆಗೆ ಹಾಕಿದ್ದರು, ಅದರ ಉರಿಗೆ ಕಾದ ನೀರಲ್ಲೇ ಮಾಸ್ತರರು ಸ್ನಾನ ಮಾಡಿ ಬಂದಿದ್ದರು.

ಇಷ್ಟು ಚಿಕ್ಕ ಭಾಷಣವನ್ನು ಅತಿಥಿಗಳು ಎಲ್ಲೂ ಕೇಳಿರಲಿಲ್ಲ. ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಓಣಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. ಮುಂಡರಗಿಯ ಕಿರಾಣಿ ವ್ಯಾಪಾರಿ ಉಡಚಪ್ಪನನ್ನು ಬದಿಗೆ ಕರೆದು, ನಮ್ಮ ಪೇಟೆಯಲ್ಲಿ ಮಳೆಗೆ ಮಾಸಿದ ಹನ್ನೊಂದು ಬೋರ್ಡು ಅದಾವು, ಯಾವಾಗ ಬರ್ತೀಯಪಾ ಎಂದು ಕೇಳಿದ. ಲಕ್ಷ್ಮೇಶ್ವರದವರೂ ಶಿರಹಟ್ಟಿಯವರೂ ಹೆಸರು ಬರೆಸಿದರು. ಉಡಚಪ್ಪ, ಮೊದಲ ದಿನ ಕಟ್ಟೆಯ ಮೇಲೆ ಕೂಡಲು ನೆರಳಿದೆಯೇ ಎಂದು ಒಬ್ಬೊಬ್ಬರನ್ನೂ ವಿಚಾರಿಸಿ ಒಪ್ಪಿಕೊಂಡ.

ಎಲ್ಲರೂ ಹೋದ ಮೇಲೆ ಮಾಸ್ತರರೂ ಉಡಚಪ್ಪನೂ ಬೇವಿನ ಗಿಡದ ಕೆಳಗೆ ಕೂತು ಚುರುಮುರಿ ತಿಂದರು. ಮಾಸ್ತರರು ಬಲ ದವಡೆಯಲ್ಲಿ ಮಾತ್ರ. ಎಲ್ಲ ಸರಿಹೋಗಿತ್ತು, ಆದರೂ ಗೋಡೆಗೆ ಮುಖ ಮಾಡಿ ನಿಂತಿದ್ದ ತಮ್ಮ ನಲವತ್ತೆರಡು ಬಿಳಿ ತಪ್ಪುಗಳು ಅವರನ್ನು ಕೂಡಗೊಡಲಿಲ್ಲ.

"ಉಡಚಪ್ಪ, ಹಿಂದಿನ ಮಗ್ಗಲಾ ನಂದು ಹಂಗ ಉಳದದಲ್ಲ. ಅದನ್ನ ಒರಿಸಿ ಹಾಕೂಣೇನು?"

ಉಡಚಪ್ಪ ಕಾಗದದಲ್ಲಿ ಉಳಿದ ಚುರುಮುರಿಯನ್ನು ಬಾಯಿಗೆ ಸುರುವಿಕೊಂಡು, ನಿಧಾನವಾಗಿ ಅಗಿದು ನುಂಗಿದ.

"ಇರ್ಲಿ ಬಿಡ್ರಿ, ಮಾಸ್ತರ. ಬರೋ ವರ್ಷ ನೀವು ಕಲಕತ್ತಾಕ್ಕ ಹೋಗಿ ಬರ್ತೀರಲ್ಲ."